ನಾಲ್ಕು ವಾರಗಳ ಊರು

ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ, ಮಿನಿಯಾಪೊಲಿಸ್ ಮಹಾನಗರದಿಂದ ಆಗ್ನೇಯ ದಿಕ್ಕಿಗೆ ಸುಮಾರು 130 ಕಿಲೋಮೀಟರು ಸಾಗಿದರೆ, ಮುಸುಕಿನ ಜೋಳದ ಹೊಲಗಳು ಹಬ್ಬಿದ ಬಯಲಿನ ನಡುವೆ ಎತ್ತರದ ಕಟ್ಟಡಗಳ ಗುಂಪೊಂದು ಫಕ್ಕನೆ ಎದ್ದು ನಿಲ್ಲುತ್ತದೆ. ಅದೇ ರೋಚೆಸ್ಟರ್. ಜೋಳದ ತೆನೆಯ ಆಕಾರದಲ್ಲಿಯೇ ಕಟ್ಟಿದ ನೀರಿನ ಗೋಪುರವೊಂದು ಅಲ್ಲಿದೆ, 1931ರದು. ಸಿಪ್ಪೆ ಬಿಡಿಸಿದ ತೆನೆಯನ್ನು ಆಕಾಶಕ್ಕೆ ನೆಟ್ಟಂತಿರುವ ಅದನ್ನು ಕಂಡವರಿಗೆ ಇದು ರೈತರ ಊರೆನ್ನಿಸದೆ ಇರದು. ಆದರೆ ಲಕ್ಷಕ್ಕೆ ತುಸು ಮಿಗಿಲಾದ ಜನಸಂಖ್ಯೆಯ ಈ ಪಟ್ಟಣಕ್ಕೆ ದೇಶದೇಶಗಳಿಂದ ಜನ ಬರುವುದು ಜೋಳ ಕೊಳ್ಳುವುದಕ್ಕಲ್ಲ, ಮೇಯೋ ಕ್ಲಿನಿಕ್ಕಿನ ಬಾಗಿಲು ತಟ್ಟುವುದಕ್ಕೆ.

1883ರ ಆಗಸ್ಟಿನಲ್ಲಿ ಬೀಸಿದ ಸುಂಟರಗಾಳಿಯೊಂದು ಈ ಊರನ್ನು ಧೂಳೀಪಟ ಮಾಡಿತು. ಗಾಯಾಳುಗಳನ್ನು ಮಲಗಿಸಲು ಸರಿಯಾದ ಆಸ್ಪತ್ರೆಯಿರಲಿಲ್ಲ. ಸಂತ ಫ್ರಾನ್ಸಿಸ್ ಪಂಥದ ಸಂನ್ಯಾಸಿನಿಯರು ಹಣ ಕೂಡಿಸಿ ಕಟ್ಟಿಸಿದ ಸೇಂಟ್ ಮೇರೀಸ್ ಆಸ್ಪತ್ರೆ 1889ರಲ್ಲಿ ತೆರೆಯಿತು. ಮೇಯೋ ಮನೆತನದ ತಂದೆ ಮತ್ತು ಇಬ್ಬರು ಮಕ್ಕಳು ಅಲ್ಲಿ ಶಸ್ತ್ರವೈದ್ಯರಾದರು. 1928ರ ಪ್ಲಮ್ಮರ್ ಕಟ್ಟಡದ ಗೋಪುರದಲ್ಲಿರುವ 56 ಗಂಟೆಗಳ ನಾದ ಇಂದಿಗೂ ಊರಿನ ಮೇಲೆ ತೇಲಿಬರುತ್ತದೆ.

ಬೇಸಿಗೆ ಕಳೆಯುವ ಹೊತ್ತಿಗೆ ಈ ಊರಿಗೆ ಇನ್ನೊಂದು ಬಗೆಯ ಯಾತ್ರಿಕರು ಬರುತ್ತಾರೆ. ಅವರು ರೋಗಿಗಳಲ್ಲ, ಇನ್ನೂ ವೈದ್ಯರೂ ಅಲ್ಲ. ಬೇರೆ ಬೇರೆ ಕಾಲೇಜುಗಳ ಕೊನೆಯ ವರ್ಷದ ವೈದ್ಯವಿದ್ಯಾರ್ಥಿಗಳು. ಕೈಯಲ್ಲೊಂದು ಪೆಟ್ಟಿಗೆ, ಅದರಲ್ಲಿ ಇಸ್ತ್ರಿ ಮಾಡಿದ ಒಂದು ಸೂಟು. ಮೇಯೋ ವೈದ್ಯರು ರೋಗಿಗಳನ್ನು ನೋಡುವಾಗ ಬಿಳಿಯ ನಿಲುವಂಗಿಯ ಬದಲು ಸೂಟು ತೊಡುವುದು ಹಳೆಯ ವಾಡಿಕೆ. ಸಾಲ ಮಾಡಿ ಓದುವ ಹುಡುಗರಿಗೆ ಅದೂ ಒಂದು ಖರ್ಚೇ.

ಅಮೆರಿಕದಲ್ಲಿ ವೈದ್ಯಪದವಿ ಪಡೆದವರು ಮುಂದೆ ಮೂರರಿಂದ ಏಳು ವರ್ಷ ಒಂದು ಆಸ್ಪತ್ರೆಯಲ್ಲಿ ‘ರೆಸಿಡೆಂಟ್’ ಆಗಿ ದುಡಿಯಬೇಕು. ಹಿಂದೆ ಅವರು ಆಸ್ಪತ್ರೆಯಲ್ಲಿಯೇ ವಾಸಿಸುತ್ತಿದ್ದುದರಿಂದ ಈ ಹೆಸರು. ನಮ್ಮಲ್ಲಿ ಸ್ನಾತಕೋತ್ತರ ಪ್ರವೇಶವೆಂದರೆ ಪರೀಕ್ಷೆಯ ರ‍್ಯಾಂಕು, ಕೌನ್ಸೆಲಿಂಗು; ಆಸ್ಪತ್ರೆಯ ಮುಖ ನೋಡುವುದು ಸೀಟು ಸಿಕ್ಕ ಮೇಲೆ. ಅಲ್ಲಿ ಹಾಗಲ್ಲ. ವಿದ್ಯಾರ್ಥಿ ತನಗೆ ಬೇಕಾದ ಆಸ್ಪತ್ರೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾನೆ; ಆಸ್ಪತ್ರೆಯೂ ತನಗೆ ಬೇಕಾದವರನ್ನು ಹಾಗೆಯೇ ಬರೆಯುತ್ತದೆ. ಎರಡನ್ನೂ ಹೊಂದಿಸುವ ‘ಮ್ಯಾಚ್’ ಪದ್ಧತಿ 1952ರಿಂದ ನಡೆದುಬಂದಿದೆ. ಫಲಿತಾಂಶ ಮಾರ್ಚಿ ತಿಂಗಳ ಮೂರನೆಯ ಶುಕ್ರವಾರ. ಬಂದ ಮೇಲೆ ಇಬ್ಬರೂ ಅದಕ್ಕೆ ಬದ್ಧರು.

ಅದಕ್ಕೆ ಮುಂಚಿನ ಹೆಣ್ಣು ನೋಡುವ ಶಾಸ್ತ್ರವೇ ಈ ಪರಸ್ಥಳದ ನಾಲ್ಕು ವಾರಗಳು. ವ್ಯತ್ಯಾಸವಿಷ್ಟೆ: ಉಪ್ಪಿಟ್ಟು ತಿಂದು ಒಂದು ತಾಸಿನಲ್ಲಿ ಎದ್ದು ಹೋಗುವಂತಿಲ್ಲ. ಮುಂಜಾನೆ ಐದಕ್ಕೆಲ್ಲ ವಾರ್ಡಿನಲ್ಲಿರಬೇಕು, ಶಸ್ತ್ರಕ್ರಿಯೆಯಲ್ಲಿ ಗಂಟೆಗಟ್ಟಲೆ ಕೊಕ್ಕೆ ಹಿಡಿದು ನಿಲ್ಲಬೇಕು, ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು, ದಣಿದಾಗಲೂ ದಾದಿಯರೊಡನೆ ಮರ್ಯಾದೆ ತಪ್ಪಬಾರದು. ಸಂದರ್ಶನದ ಅರ್ಧ ಗಂಟೆ ಯಾರಾದರೂ ನಟಿಸಿಯಾರು. ಒಂದು ತಿಂಗಳು ನಟಿಸುವುದು ಕಷ್ಟ. ಆದುದರಿಂದಲೇ ಇದು ಇಬ್ಬಾಯ ಕತ್ತಿ. ಮೆಚ್ಚಿದರೆ ಹಿರಿಯರ ಶಿಫಾರಸು ಪತ್ರ ದೊರೆಯುತ್ತದೆ. ಮೆಚ್ಚದಿದ್ದರೆ ಕಾಗದದ ಮೇಲೆ ಚೆನ್ನಾಗಿ ಕಂಡಿದ್ದ ಹೆಸರೂ ಅಳಿಸಿಹೋಗಬಹುದು. 2022ರ ಜನವರಿಯಿಂದ ಮೊದಲ ಲೈಸೆನ್ಸ್ ಪರೀಕ್ಷೆಯಲ್ಲಿ ಅಂಕ ಕೊಡುವುದು ನಿಂತು ಬರಿಯ ಪಾಸು-ಫೇಲು ಉಳಿದಿದೆ. 2020ರ ಸಾಂಕ್ರಾಮಿಕದ ತರುವಾಯ ಸಂದರ್ಶನಗಳು ಬಹುಪಾಲು ಪರದೆಯ ಮೇಲೆಯೇ ನಡೆಯುತ್ತಿವೆ. ಮೂಳೆ ಶಸ್ತ್ರವೈದ್ಯದಂಥ ಪೈಪೋಟಿಯ ವಿಭಾಗಗಳಲ್ಲಿ ಈ ತಿಂಗಳಿಗೆ ಇಷ್ಟು ಬೆಲೆ ಬಂದಿರುವುದು ಅದಕ್ಕೇ.

ಅರ್ಜಿ ಹೋಗುವುದು ಸೆಪ್ಟೆಂಬರ್ ಕೊನೆಗೆ. ಅಷ್ಟರೊಳಗೆ ಪತ್ರ ಸಿಗಬೇಕಾದರೆ ಉಳಿಯುವುದು ಎರಡು ಮೂರು ತಿಂಗಳು ಮಾತ್ರ. ನಡುನಾಡಿನ ಕಾಲೇಜೊಂದರ ವಿದ್ಯಾರ್ಥಿನಿಯೊಬ್ಬಳ ಬಳಿ ಎರಡು ಊರಿಗೆ ಸಾಲುವಷ್ಟೇ ಹಣವಿತ್ತು. ಆಯ್ಕೆ ಮಾಡಬೇಕಾದುದು ಮೂಳೆ ಶಸ್ತ್ರವೈದ್ಯದ ಐದು ವರ್ಷಗಳಿಗೆ. ಮನೆಯಲ್ಲಿ ತಂದೆಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್. ಮನೆಗೆ ಹತ್ತಿರದ ಒಂದು ಸಾಧಾರಣ ಆಸ್ಪತ್ರೆಗೆ ಜುಲೈಯನ್ನು ಕೊಟ್ಟಳು, ಆಗಸ್ಟನ್ನು ರೋಚೆಸ್ಟರಿಗೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಒಪ್ಪಿದ ಮೊದಲ ಪೂರ್ಣ ಸೊಂಟದ ಕೀಲಿನ ಬದಲಾವಣೆ 1969ರಲ್ಲಿ ಇಲ್ಲಿಯೇ ನಡೆದಿತ್ತು ಎಂಬುದು ಅವಳನ್ನು ಸೆಳೆದಿತ್ತು.

ಆಗಸ್ಟಿನ ರೋಚೆಸ್ಟರ್ ಬಲು ಚೆಲುವೆ. ಜಂಬ್ರೋ ನದಿಯ ದಂಡೆ ಹಸಿರಾಗಿರುತ್ತದೆ. ಸಿಲ್ವರ್ ಲೇಕಿನ ಬಳಿ ಹೆಬ್ಬಾತುಗಳು ದಾರಿ ಬಿಡದೆ ನಡೆಯುತ್ತವೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಋತುಗಳಿಗೂ ಸಲ್ಲುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆಗಳು, ನೆಲದಡಿಯಲ್ಲಿ ಸುರಂಗದ ಹಾದಿಗಳು ಏಕಿವೆಯೆಂದು ಮೊದಲ ವಾರದಲ್ಲಿ ಅವಳಿಗೆ ಹೊಳೆಯಲಿಲ್ಲ. ಊಟದ ಮೇಜಿನಲ್ಲಿ ಮೂರನೆಯ ವರ್ಷದ ರೆಸಿಡೆಂಟ್ ಒಬ್ಬ ನಗುತ್ತ ಹೇಳಿದ: ಜನವರಿಯಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಹಿರಿಯ ವೈದ್ಯರು ಬೋಧನೆಯ ವಿಷಯ ಹೇಳಿಯಾರು. ಚಳಿ, ಬಾಡಿಗೆ, ನಿದ್ದೆ, ಮನೆಗೆ ಹೋಗಲು ಎಷ್ಟು ರಜೆ ಎಂಬುದನ್ನು ರೆಸಿಡೆಂಟುಗಳನ್ನೇ ಕೇಳಬೇಕು. ಅವಳು ಕೇಳಿದಳು. ರಾತ್ರಿಯೆಲ್ಲ ಲೆಕ್ಕ ಹಾಕಿದಳು. ಶಿಫಾರಸು ಪತ್ರವೂ ಸಿಕ್ಕಿತು.

ಈ ಹೊಂದಾಣಿಕೆಯ ಗಣಿತದಲ್ಲೊಂದು ಸೊಗಸಿದೆ. 1998ರಿಂದ ಲೆಕ್ಕ ವಿದ್ಯಾರ್ಥಿಯ ಇಷ್ಟದಿಂದಲೇ ಆರಂಭವಾಗುತ್ತದೆ. ಆದ್ದರಿಂದ ‘ಅವರು ನನ್ನನ್ನು ಒಪ್ಪುವರೇ’ ಎಂದು ತಂತ್ರ ಹೂಡದೆ, ಮನಸ್ಸಿನಲ್ಲಿದ್ದುದನ್ನು ಇದ್ದಂತೆ ಬರೆದರೆ ನಷ್ಟವಿಲ್ಲ. ಅದನ್ನು ರೂಪಿಸಿದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂದಿತು. ಆದರೆ ಮನಸ್ಸಿನಲ್ಲಿರುವುದು ಏನೆಂದು ಆ ಗಣಿತ ಹೇಳಿಕೊಡದು.

ಚಳಿಗಾಲದ ಕೊನೆಯಲ್ಲಿ ಆ ವಿದ್ಯಾರ್ಥಿನಿ ತನ್ನ ಪಟ್ಟಿಯನ್ನು ಬರೆದಳು. ಜುಲೈ ತಿಂಗಳ ಆಸ್ಪತ್ರೆ ಮೊದಲನೆಯದು, ರೋಚೆಸ್ಟರ್ ಎರಡನೆಯದು.