ಆ ಗಿಟಾರ್ ನುಡಿಸಿದ್ದು ಯಾರು?

ಬಾಂಡ್ ಚಿತ್ರವನ್ನೇ ನೋಡದವರಿಗೂ ಬಾಂಡ್‌ನ ಗಿಟಾರ್ ಗೊತ್ತು. ಶಾಲಾ ವಾರ್ಷಿಕೋತ್ಸವದಲ್ಲಿ ಕಪ್ಪು ಕನ್ನಡಕ ಹಾಕಿದ ಪುಟ್ಟ ಹುಡುಗ ಬಾಯಲ್ಲೇ ಅದನ್ನು ನುಡಿಸಿಕೊಂಡು ಪರದೆಯ ಮರೆಯಿಂದ ಹೊರಬರುತ್ತಾನೆ. ಬಾಂಡ್ ಯಾರು, ಯಾವ ದೇಶದವನು ಎಂಬುದು ಅವನಿಗೆ ಬೇಕಾಗಿಲ್ಲ. ಪತ್ತೇದಾರ ಬಂದನೆಂದರೆ ಹೀಗೆ ಸದ್ದಾಗಬೇಕು ಅನ್ನುವುದಷ್ಟು ಗೊತ್ತು. ಅಷ್ಟು ಸಾಕು. ಆದರೆ ಅದನ್ನು ನುಡಿಸಿದವರು ಯಾರು ಎಂದು ಸಂಗೀತ ಬಲ್ಲ ಹತ್ತು ಜನರನ್ನು ಕೇಳಿ ನೋಡಿ, ಉತ್ತರ ಹೊರಡುವುದು ಕಷ್ಟ.

ಅವರ ಹೆಸರು ವಿಕ್ ಫ್ಲಿಕ್. ಲಂಡನ್ನಿನ ಸ್ಟುಡಿಯೋಗಳಲ್ಲಿ ಕರೆದಲ್ಲಿಗೆ ಹೋಗಿ ನುಡಿಸಿಕೊಟ್ಟು ಬರುತ್ತಿದ್ದ ಗಿಟಾರ್ ವಾದಕ. ಸಂಗೀತ ನಿರ್ದೇಶಕ ಜಾನ್ ಬ್ಯಾರಿಯ ವಾದ್ಯವೃಂದದಲ್ಲೂ ಇದ್ದವರು. 1962ರಲ್ಲಿ ‘ಡಾಕ್ಟರ್ ನೋ’ ಚಿತ್ರಕ್ಕಾಗಿ ಅವರು ಹಿಡಿದು ಕೂತದ್ದು ಥಳಥಳಿಸುವ ಹೊಸ ಎಲೆಕ್ಟ್ರಿಕ್ ಗಿಟಾರ್ ಅಲ್ಲ. 1939ನೇ ಇಸವಿಯ ಕ್ಲಿಫರ್ಡ್ ಎಸೆಕ್ಸ್ ಪ್ಯಾರಗನ್ ಎಂಬ ಇಂಗ್ಲಿಷ್ ಗಿಟಾರ್. ಪಿಟೀಲಿನಂತೆ ಎದೆಯ ಮೇಲೆ ಎರಡು ಸೀಳು ಇರುವಂಥದ್ದು. ಅದಕ್ಕೊಂದು ಪಿಕಪ್, ಅಂದರೆ ತಂತಿಯ ಕಂಪನವನ್ನು ಹಿಡಿಯುವ ವಿದ್ಯುತ್ ಸಾಧನ, ಸಿಕ್ಕಿಸಿದರು. ಅದು ತಂತಿಗೆ ಇನ್ನಷ್ಟು ಹತ್ತಿರವಾಗಲಿ ಎಂದು ಕೆಳಗೆ ಸಿಗರೇಟು ಪ್ಯಾಕೆಟ್ಟನ್ನು ಮಡಚಿ ತುರುಕಿದರು. ಮೊದಲು ಮೇಲಿನ ಸ್ಥಾಯಿಯಲ್ಲಿದ್ದ ಸ್ವರಗಳನ್ನು ದಪ್ಪ ತಂತಿಗಳಿಗೆ ಇಳಿಸಿದರೆ ತೂಕ ಬಂದೀತು ಎಂದು ಸೂಚಿಸಿದವರೂ ತಾವೇ ಎಂದು ಅವರು ಮುಂದೆ ಹೇಳಿಕೊಂಡಿದ್ದರು. ಆಮೇಲೆ ಪ್ಲೆಕ್ಟ್ರಮ್ಮಿನಿಂದ ಬ್ರಿಡ್ಜ್ ಹತ್ತಿರ, ಬಲವಾಗಿ, ತಾಳಕ್ಕಿಂತ ಕೂದಲೆಳೆಯಷ್ಟು ಮುಂದೆ ನುಗ್ಗಿ ಹೊಡೆದರು. ಆ ಕೂದಲೆಳೆಯ ಅವಸರವೇ ಬಾಂಡ್ ಎಂದು ನನ್ನ ಭಾವನೆ. ಅದೇ ಸ್ವರಗಳನ್ನು ತಾಳಕ್ಕೆ ಸರಿಯಾಗಿ, ಮೆತ್ತಗೆ ಮೀಟಿ ನೋಡಿ: ಅಪಾಯವೇ ಇರುವುದಿಲ್ಲ. ಇಷ್ಟಕ್ಕೆ ಅವರಿಗೆ ಸಂದದ್ದು ಅವತ್ತಿನ ಕೂಲಿ, ಕೆಲವೇ ಪೌಂಡುಗಳು. ರಾಯಧನ ಏನೂ ಇಲ್ಲ. 2024ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಆ ಗಿಟಾರಿನ ಕತೆಯನ್ನು ಮತ್ತೆ ಬರೆದವು.

ಈ ರಾಗದ ಹಿಂದಿನ ಜನ್ಮದ ಕತೆ ಇನ್ನೂ ಸೊಗಸು. ಚಿತ್ರಕ್ಕೆ ಸಂಗೀತ ಕೊಡಬೇಕಾಗಿದ್ದ ಮಾಂಟಿ ನಾರ್ಮನ್ ಅದಕ್ಕೆ ಮುಂಚೆ ವಿ.ಎಸ್. ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯನ್ನು ಸಂಗೀತ ನಾಟಕವಾಗಿಸಲು ಹೊರಟಿದ್ದರು. ಕಬ್ಬಿನ ಗದ್ದೆಯ ಕೂಲಿಗಾಗಿ ಟ್ರಿನಿಡಾಡಿಗೆ ಹೋದ ಭಾರತೀಯರ ಮನೆತನದ ಕತೆ ಅದು. ಅಪಶಕುನದ ಗಳಿಗೆಯಲ್ಲಿ ಹುಟ್ಟಿದವನೆಂದು ಪಂಡಿತರಿಂದ ಅನ್ನಿಸಿಕೊಂಡ, ಸೀನಿದರೆ ಕೇಡು ಎಂದು ಹೆಸರು ಕೆಡಿಸಿಕೊಂಡ ಬಿಸ್ವಾಸನ ಕತೆ. ಅವನ ಬಾಯಲ್ಲಿ ಹಾಡಿಸಲು ನಾರ್ಮನ್ ಭಾರತೀಯ ಧಾಟಿಯ ಒಂದು ಹಾಡು ಕಟ್ಟಿದ್ದರು, ಸಿತಾರಿನ ನಾದವನ್ನು ಮನಸ್ಸಿನಲ್ಲಿಟ್ಟುಕೊಂಡು. ನಾಟಕ ರಂಗಕ್ಕೆ ಏರಲಿಲ್ಲ. ಹಾಡು ಪೆಟ್ಟಿಗೆಯಲ್ಲೇ ಉಳಿಯಿತು. ಬಾಂಡ್‌ಗೆ ಏನಾದರೂ ಬೇಕು ಎಂದಾಗ ಅದನ್ನೇ ಹೊರತೆಗೆದು, ಸ್ವರಗಳನ್ನು ಒಡೆದು ಬಿಡಿಸಿಕೊಟ್ಟರು. ಸ್ವಂತದ್ದೊಂದು ಸೂರಿಗಾಗಿ ಜೀವಮಾನವೆಲ್ಲ ಒದ್ದಾಡಿದ ಬಡ ಬಿಸ್ವಾಸನಿಗೆಂದು ಹುಟ್ಟಿದ ಧಾಟಿ, ಸೂಟು ತೊಟ್ಟ ಗೂಢಚಾರನ ಪಾಲಾಯಿತು! ನಾರ್ಮನ್ ಮುಂದೆ ಆ ಮೂಲ ಹಾಡನ್ನು ತಾವೇ ಹಾಡಿ ಧ್ವನಿಮುದ್ರಿಸಿದ್ದಾರೆ. ಅದನ್ನು ಕೇಳಿದರೆ ನಂಟು ಕಿವಿಗೆ ತಟ್ಟನೆ ತಿಳಿಯುತ್ತದೆ.

ಆ ಧಾಟಿಯನ್ನು ಇವತ್ತಿನ ರೂಪಕ್ಕೆ ತಂದದ್ದು ಜಾನ್ ಬ್ಯಾರಿ. ಅಬ್ಬರದ ಹಿತ್ತಾಳೆ ವಾದ್ಯಗಳು, ನಡುವಿನ ಜಾಝ್ ನಡೆ ಎಲ್ಲವೂ ಅವರ ಕೈಚಳಕ. ಹಾಗಾದರೆ ಇದು ಯಾರದು? ಬ್ಯಾರಿಯದೇ ಎಂದು ಲಂಡನ್ನಿನ ‘ಸಂಡೇ ಟೈಮ್ಸ್’ ಬರೆಯಿತು. ನಾರ್ಮನ್ ಮಾನನಷ್ಟದ ದಾವೆ ಹೂಡಿದರು. 2001ರಲ್ಲಿ ಜ್ಯೂರಿ ನಾರ್ಮನ್ ಪರ ನಿಂತು 30,000 ಪೌಂಡ್ ಪರಿಹಾರ ಕೊಡಿಸಿತು. ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಚೇರಿ ಕೇಳಿ ಬೆಳೆದ ನಮ್ಮ ಕಿವಿಗೆ ಇಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ. ಕೃತಿ ತ್ಯಾಗರಾಜರದ್ದು ಎಂದು ಗೊತ್ತಿದ್ದೂ ನಾವು ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಅದನ್ನು ಕೇಳಿದ್ದೀರಾ ಎಂದು ವಿಚಾರಿಸುವವರು. ಬರೆದ ಕೈ ಒಂದು, ಮೀಟಿದ ಬೆರಳು ಇನ್ನೊಂದು. ಗಿಟಾರಿನ ಶೀರ್ಷಿಕೆ ಸಂಗೀತದಲ್ಲಂತೂ ಮೀಟಿದ ಬೆರಳಿಗೇ ಹೆಚ್ಚು ಪಾಲು ಸಲ್ಲಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಏಕೆಂದರೆ ಅಲ್ಲಿ ಇರುವುದೇ ಹತ್ತಾರು ಸ್ವರ. ಉಳಿದದ್ದೆಲ್ಲ ತಂತಿಯ ದಪ್ಪ, ಉಗುರಿನ ಮೊನೆ, ಮೀಟಿದ ಜಾಗ.

ಬಾಂಡ್ ಗಾಳಿ ಕನ್ನಡಕ್ಕೂ ಬೀಸಿತ್ತಲ್ಲ. 1968ರಲ್ಲಿ ದೊರೆ–ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರರನ್ನು ಸಿಐಡಿ 999 ಮಾಡಿತು, ಬೆನ್ನಿಗೇ ‘ಗೋವಾದಲ್ಲಿ ಸಿಐಡಿ 999’ ಬಂತು. ಸಂಗೀತ ಜಿ.ಕೆ. ವೆಂಕಟೇಶ್. ಆ ಕಾಲದ ನಮ್ಮ ಬಹುಪಾಲು ಹಾಡುಗಳು ಮದರಾಸಿನಲ್ಲಿ ಧ್ವನಿಮುದ್ರಣವಾಗುತ್ತಿದ್ದವು. ವೆಂಕಟೇಶರ ಬಳಿ ಮುಂದಿನ ವರ್ಷಗಳಲ್ಲಿ ಗಿಟಾರ್ ಹಿಡಿದು ಕೂತ, ಆಮೇಲೆ ಸಹಾಯಕರಾದ ತರುಣರೊಬ್ಬರು 1976ರಲ್ಲಿ ‘ಅನ್ನಕಿಳಿ’ ಎಂಬ ತಮಿಳು ಚಿತ್ರಕ್ಕೆ ಸ್ವತಂತ್ರವಾಗಿ ಸಂಗೀತ ಕೊಟ್ಟರು. ಅವರೇ ಇಳಯರಾಜ. ಅಲ್ಲಿಯತನಕ ಅವರ ಬೆರಳು ಎಷ್ಟೋ ಕನ್ನಡ ಹಾಡುಗಳ ಒಳಗೆ ಹೆಸರಿಲ್ಲದೆ ಓಡಾಡಿದೆ. ಅವರೇನೋ ಹೊರಗೆ ಬಂದರು, ಜಗತ್ತಿಗೆ ಗೊತ್ತಾದರು. ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು? ಟೈಟಲ್ ಕಾರ್ಡಿನಲ್ಲಿ ‘ಸಂಗೀತ’ ಎಂಬುದರ ಕೆಳಗೆ ಒಂದೇ ಹೆಸರು. ಆ ದಿನಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇರುವಾಗಲೇ ಯಾರಾದರೂ ಕೂತು, ಯಾವ ಹಾಡಿಗೆ ಯಾರು ಗಿಟಾರ್, ಯಾರು ಕೊಳಲು ಎಂದು ಬರೆದಿಡಬಾರದೇ? ನಾನು ಇದನ್ನು ತುಂಬ ಆಸೆಯಿಂದ ಕೇಳುತ್ತಿದ್ದೇನೆ.

ಬಾಂಡ್‌ಗಿಂತ ನಾಲ್ಕು ವರ್ಷ ಮೊದಲೇ ಅಮೆರಿಕದ ಟೆಲಿವಿಷನ್ನಿನಲ್ಲಿ ಇನ್ನೊಬ್ಬ ಪತ್ತೇದಾರನಿದ್ದ, ಪೀಟರ್ ಗನ್. ಹೆನ್ರಿ ಮ್ಯಾನ್ಸಿನಿ ಯೂನಿವರ್ಸಲ್ ಸ್ಟುಡಿಯೋದ ಕೆಲಸ ಕಳೆದುಕೊಂಡಿದ್ದ ಹೊತ್ತು. ಕ್ಷೌರಕ್ಕೆಂದು ಹಳೆಯ ಸ್ಟುಡಿಯೋಗೇ ಹೋದಾಗ ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಎದುರಾಗಿ, ಹೊಸ ಧಾರಾವಾಹಿಗೆ ಸಂಗೀತ ಮಾಡುತ್ತೀರಾ ಎಂದರಂತೆ. ಆ ಕ್ಷೌರದಿಂದ ಹುಟ್ಟಿದ ಸಂಗೀತದ ಆಲ್ಬಮ್ಮಿಗೆ ಗ್ರ್ಯಾಮಿಯ ಮೊಟ್ಟಮೊದಲ ‘ವರ್ಷದ ಆಲ್ಬಮ್’ ಪ್ರಶಸ್ತಿ ಬಂತು. ಅದರ ಶೀರ್ಷಿಕೆ ಸಂಗೀತದಲ್ಲಿ ಗಿಟಾರ್ ರಾಗ ಹಾಡುವುದೇ ಇಲ್ಲ. ತಗ್ಗಿನ ಒಂದು ಪುಟ್ಟ ತುಣುಕನ್ನು ಪಿಯಾನೋ ಜತೆಗೂಡಿ ಹಠ ಹಿಡಿದಂತೆ ತಿರುಗಿಸುತ್ತದೆ. ಮೇಲೆ ಕಹಳೆಗಳು ಏನು ಬೇಕಾದರೂ ಮಾಡಿಕೊಳ್ಳಲಿ, ಕೆಳಗೆ ಅದು ನಿಲ್ಲುವುದಿಲ್ಲ. ಗಿಟಾರ್ ಬಾಬ್ ಬೇನ್ ಅವರದು. ಪಿಯಾನೋ ನುಡಿಸಿದ ಯುವಕ ಜಾನ್ ವಿಲಿಯಮ್ಸ್, ಮುಂದೆ ‘ಸ್ಟಾರ್ ವಾರ್ಸ್’ಗೆ ಸಂಗೀತ ಕೊಟ್ಟವರು.

ಇನ್ನೊಬ್ಬ ಜಾನ್ ವಿಲಿಯಮ್ಸ್ ಇದ್ದಾರೆ, ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ಶಾಸ್ತ್ರೀಯ ಗಿಟಾರಿನ ದೊಡ್ಡ ಹೆಸರು. ಸ್ಟ್ಯಾನ್ಲಿ ಮೈಯರ್ಸ್ ರಚಿಸಿದ ‘ಕವಟೀನಾ’ವನ್ನು ನುಡಿಸಿದವರು ಇವರು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಒಡೆದುಹೋದ ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಯ ಗೆಳೆಯರ ಚಿತ್ರ, 1978ರ ‘ದ ಡೀರ್ ಹಂಟರ್’ ನೋಡಿದವರು ಅದನ್ನು ಮರೆಯಲಾರರು. ಅಷ್ಟು ಹಿಂಸೆಯ ಚಿತ್ರಕ್ಕೆ ಅಷ್ಟು ಮೃದುವಾದ ಗಿಟಾರ್. ಆದರೆ ಅದು ಆ ಚಿತ್ರಕ್ಕಾಗಿ ಹುಟ್ಟಿದ್ದೇ ಅಲ್ಲ. 1970ರ ‘ದ ವಾಕಿಂಗ್ ಸ್ಟಿಕ್’ ಎಂಬ ಬ್ರಿಟಿಷ್ ಚಿತ್ರದಲ್ಲಿ ಆಗಲೇ ಇತ್ತು. ಆಗ ಅದು ಊರೆಲ್ಲ ಮಾತಾಡುವಂತೇನೂ ಆಗಲಿಲ್ಲ. ಇದನ್ನು ಗಿಟಾರಿಗೆ ಒಪ್ಪುವಂತೆ ಬೆಳೆಸಿಕೊಡಿ ಎಂದು ವಿಲಿಯಮ್ಸ್ ಹಟ ಮಾಡಿದ್ದರಿಂದಲೇ ಅದು ಪೂರ್ಣ ಕೃತಿಯಾಯಿತು. ನುಡಿಸುವವನ ಕಿವಿ ಬರೆದವನಿಗಿಂತ ಮೊದಲೇ ಅದರ ಆಯುಷ್ಯವನ್ನು ಕಂಡಿತ್ತು.

ಇನ್ನು ‘ರೊಮಾನ್ಸ್’. ಗಿಟಾರ್ ಕಲಿಯುವ ಬೆಂಗಳೂರಿನ ಮಗುವೂ ಬರ್ಲಿನ್ನಿನ ಮಗುವೂ ಹಾಯ್ದೇ ಹೋಗಬೇಕಾದ ಹೊಸ್ತಿಲು ಅದು. ಉಂಗುರದ ಬೆರಳು ಮೇಲಿನ ತೆಳು ತಂತಿಯಲ್ಲಿ ರಾಗ ಹಿಡಿದರೆ, ಉಳಿದ ಬೆರಳುಗಳು ಮೂರು ಮೂರು ಸ್ವರದ ಅಲೆಯನ್ನು ಕೆಳಗೆ ಹರಿಸುತ್ತಿರಬೇಕು. ಇದನ್ನು ಲೋಕಕ್ಕೆಲ್ಲ ಹಂಚಿದ್ದು 1952ರ ಫ್ರೆಂಚ್ ಚಿತ್ರ ‘ಜೂ ಆಂತೆರ್ದಿ’. ನಿರ್ದೇಶನ ರೆನೆ ಕ್ಲೆಮಾ, ಗಿಟಾರ್ ನಾರ್ಸಿಸೊ ಯೆಪೆಸ್, ಆಗಿನ್ನೂ ಇಪ್ಪತ್ತೈದರ ಆಸುಪಾಸಿನವರು. 1940ರ ಜರ್ಮನ್ ದಾಳಿಯಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಪುಟ್ಟ ಹುಡುಗಿ ಹಳ್ಳಿಯ ಹುಡುಗನೊಬ್ಬನ ಜತೆ ಸೇರಿ ಸತ್ತ ಪ್ರಾಣಿಗಳಿಗೆ ಗೋರಿ ಕಟ್ಟುವ ಆಟ ಆಡುತ್ತಾಳೆ. ಅದಕ್ಕೆ ವಾದ್ಯವೃಂದ ಬಂದಿದ್ದರೆ ದುಃಖ ದೊಡ್ಡವರದಾಗಿಬಿಡುತ್ತಿತ್ತು. ಒಂದೇ ಗಿಟಾರ್ ಅದನ್ನು ಮಗುವಿನ ಅಳತೆಗೆ ಇರಿಸಿತು. ಕೃತಿಯ ಕರ್ತೃ ಯಾರು ಎಂಬುದು ಇತ್ಯರ್ಥವಾಗಿಲ್ಲ. ಹಲವರ ಹೆಸರು ತೇಲಿಬಂದಿವೆ, ಬಾಲ್ಯದಲ್ಲಿ ತಾಯಿಗಾಗಿ ನಾನೇ ಕಟ್ಟಿದ್ದು ಎಂದು ಯೆಪೆಸ್ ಕೂಡ ಹೇಳಿದ್ದರು. ಮುದ್ರಿತ ಪ್ರತಿಗಳಲ್ಲಿ ಬಹುಮಟ್ಟಿಗೆ ‘ಅಜ್ಞಾತ’ ಎಂದೇ ಇರುತ್ತದೆ. ಇಲ್ಲಿ ನುಡಿಸಿದವನ ಹೆಸರು ಉಳಿದು ಬರೆದವನದ್ದೇ ಕಳೆದಿದೆ.

‘ಟ್ವಿನ್ ಪೀಕ್ಸ್’ ಧಾರಾವಾಹಿಯ, ‘ಬ್ರೋಕ್‌ಬ್ಯಾಕ್ ಮೌಂಟನ್’ ಚಿತ್ರದ ಗಿಟಾರ್ ಬಗ್ಗೆ ಹೇಳಹೊರಟರೆ ಇನ್ನೊಂದು ಹರಟೆಯಾದೀತು. ಎರಡನೆಯದಕ್ಕೆ ಆಸ್ಕರ್ ಗೆದ್ದ ಗುಸ್ತಾವೊ ಸಾಂತಾವೊಲಾಯಾ ಸ್ವರಲಿಪಿ ಓದದ, ಬರೆಯದ ಸಂಗೀತಗಾರ ಎಂಬುದನ್ನಷ್ಟು ಹೇಳಿ ಮುಂದೆ ಹೋಗುತ್ತೇನೆ.

ಹೋಗಬೇಕಾದದ್ದು ‘ಪ್ಯಾರಿಸ್, ಟೆಕ್ಸಸ್’ಗೆ. ವಿಮ್ ವೆಂಡರ್ಸ್ ನಿರ್ದೇಶಿಸಿದ, 1984ರಲ್ಲಿ ಕಾನ್ ಚಿತ್ರೋತ್ಸವದ ಪರಮ ಪ್ರಶಸ್ತಿ ಪಡೆದ ಚಿತ್ರ. ಕೆಂಪು ಟೋಪಿಯ ಮನುಷ್ಯನೊಬ್ಬ ಮಾತಿಲ್ಲದೆ ಮರುಭೂಮಿಯಲ್ಲಿ ನಡೆದು ಬರುತ್ತಾನೆ, ರೈ ಕೂಡರ್ ಗಿಟಾರಿನ ತಂತಿಯ ಮೇಲೆ ಸ್ಲೈಡ್ ಜಾರಿಸುತ್ತಾರೆ. ಗಿಟಾರಿಗೆ ಮೆಟ್ಟಿಲುಗಳಿವೆ, ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಹತ್ತಬೇಕು, ಇಳಿಯಬೇಕು. ಗಾಜು ಅಥವಾ ಉಕ್ಕಿನ ನಳಿಕೆ ಇಟ್ಟು ಜಾರಿಸಿದರೆ ಮೆಟ್ಟಿಲ ನಡುವಿನ ಜಾಗವೂ ದನಿಗೂಡುತ್ತದೆ. ನಮ್ಮ ಗೋಟುವಾದ್ಯ, ವಿಚಿತ್ರವೀಣೆಗಳ ದಾರಿಯೂ ಅದೇ. ಗಮಕ ಕೇಳಿ ಪಳಗಿದವರಿಗೆ ಕೂಡರ್ ಗಿಟಾರ್ ಮೊದಲ ಸಲವೇ ಹತ್ತಿರದ್ದು ಅನ್ನಿಸುವುದು ಇದಕ್ಕೇ.

ಆ ಸಂಗೀತದ ಬೇರು ಬ್ಲೈಂಡ್ ವಿಲ್ಲಿ ಜಾನ್ಸನ್. ಟೆಕ್ಸಸ್ಸಿನ ಬೀದಿಗಳಲ್ಲಿ ದೇವರ ಹಾಡು ಹಾಡುತ್ತಿದ್ದ ಕುರುಡ ಕರಿಯ ಗಾಯಕ. 1927ರ ಡಿಸೆಂಬರಿನಲ್ಲಿ ಡಲ್ಲಾಸಿನಲ್ಲಿ ಅವರು ಧ್ವನಿಮುದ್ರಿಸಿದ ‘ಡಾರ್ಕ್ ವಾಸ್ ದ ನೈಟ್’ನಲ್ಲಿ ಪದಗಳೇ ಇಲ್ಲ. ಗುನುಗು, ನರಳು, ಅದರ ಬೆನ್ನಿಗೆ ತಂತಿಯ ಜಾರು. ಕಡು ಬಡತನದಲ್ಲೇ 1945ರಲ್ಲಿ ಅವರು ತೀರಿಕೊಂಡರು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ತಟ್ಟೆಯಲ್ಲಿ ಭೂಮಿಯ ಸಂಗೀತವನ್ನು ಕಳಿಸಿದಾಗ ಈ ಹಾಡನ್ನೂ ಸೇರಿಸಿದರು. ನಮ್ಮ ಕೇಸರಬಾಯಿ ಕೇರ್ಕರರ ಭೈರವಿಯೂ ಅದೇ ತಟ್ಟೆಯಲ್ಲಿದೆ.

ಕೂಡರ್ ಮುಂದೆ ಜೈಪುರದ ವಿಶ್ವಮೋಹನ ಭಟ್ಟರನ್ನು ಭೇಟಿಯಾದರು. ಭಟ್ಟರು ಗಿಟಾರಿಗೇ ಮೀಟದೆಯೂ ತಾವಾಗಿ ಅನುರಣಿಸುವ ತರಪಿನ ತಂತಿಗಳನ್ನು, ಚಿಕಾರಿ ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿಕೊಂಡು, ಉಕ್ಕಿನ ಸಲಾಕೆಯಿಂದ ಮೀಂಡ್ ಎಳೆಯುವವರು. ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದ ಒಂದು ಚರ್ಚಿನಲ್ಲಿ, ಪರಸ್ಪರ ಪರಿಚಯವಾಗಿ ಒಂದು ಗಂಟೆಯೂ ಕಳೆದಿರಲಿಲ್ಲ, ನುಡಿಸಲು ಕೂತರು. ಕೂಡರ್ ಮಗ ಹದಿಹರೆಯದ ಜೋಕಿಮ್ ಚರ್ಮವಾದ್ಯಕ್ಕೆ, ಸುಖವಿಂದರ್ ಸಿಂಗ್ ನಾಮಧಾರಿ ತಬಲಾಕ್ಕೆ. ಮೊದಲೇ ಬರೆದಿಟ್ಟುಕೊಂಡದ್ದು ಏನೂ ಇರಲಿಲ್ಲ. ‘ಎ ಮೀಟಿಂಗ್ ಬೈ ದ ರಿವರ್’ ಎಂಬ ಆ ಆಲ್ಬಮ್ 1993ರಲ್ಲಿ ಹೊರಬಂತು, ಗ್ರ್ಯಾಮಿಯನ್ನೂ ಪಡೆಯಿತು.

ಕೇಳುವವರಿಗೆ ನನ್ನದೊಂದು ಕ್ರಮವಿದೆ. ಮೊದಲು ಜಾನ್ಸನ್, ಮೂರು ನಿಮಿಷ ಚಿಲ್ಲರೆ ಅಷ್ಟೇ. ಆಮೇಲೆ ‘ಪ್ಯಾರಿಸ್, ಟೆಕ್ಸಸ್’ನ ಶೀರ್ಷಿಕೆ ಸಂಗೀತ. ಕೊನೆಗೆ ಕೂಡರ್–ಭಟ್ಟರ ಆಲ್ಬಮ್ಮಿನ ಮೊದಲ ತುಣುಕು. ಅದರಲ್ಲಿ ಯಾವ ಜಾರು ಯಾರದೆಂದು ಗುರುತಿಸುವುದು ಮೊದಮೊದಲು ಕಷ್ಟವಾಗುತ್ತದೆ, ಎರಡನೆಯ ಸಲಕ್ಕೆ ತಿಳಿಯುತ್ತದೆ: ತರಪಿನ ತಂತಿಗಳ ಗುಂಯ್‌ಗುಡುವಿಕೆ ಹಿಂದೆ ಉಳಿದರೆ ಅದು ಭಟ್ಟರದು.