ಒಡೆಯನ ಮೊಮ್ಮಗನಿಗೆ ಚಾಲಕನ ಪಾಠ

ಅಜ್ಜ ಕಟ್ಟಿದ ಕಂಪನಿಯಲ್ಲಿ ಮೊಮ್ಮಗನ ತಪ್ಪನ್ನು ಎತ್ತಿ ಹೇಳುವ ಧೈರ್ಯ ಯಾರಿಗಿರುತ್ತದೆ? ಜಪಾನಿನ ಟೊಯೋಟಾದಲ್ಲಿ ಒಬ್ಬರಿಗೆ ಇತ್ತು. ಅವರು ಹಿರೋಮು ನರುಸೆ. 1963ರಲ್ಲಿ ಕೆಲಸಕ್ಕೆ ಸೇರಿ, ಹೊಸ ಕಾರುಗಳನ್ನು ಓಡಿಸಿ ಪರೀಕ್ಷಿಸುವ ಚಾಲಕರಲ್ಲೆಲ್ಲ ಹಿರಿಯರೆನಿಸಿಕೊಂಡವರು.

ಕಂಪನಿಯ ಸ್ಥಾಪಕ ಕೀಚಿರೋ ಟೊಯೋಡಾ ಅವರ ಮೊಮ್ಮಗ ಅಕಿಯೋ ಆಗ ಮೇಲಿನ ಹುದ್ದೆಯಲ್ಲಿದ್ದರು. ನರುಸೆ ಮುಲಾಜಿಲ್ಲದೆ ಹೇಳಿಬಿಟ್ಟರು: ಪ್ರಾಣ ಪಣಕ್ಕಿಟ್ಟು ಕಾರು ಪರೀಕ್ಷಿಸುವವರ ಮುಂದೆ, ಸರಿಯಾಗಿ ಓಡಿಸಲು ಬಾರದವರು ಕಾರಿನ ಬಗ್ಗೆ ಮಾತನಾಡಬಾರದು, ಕಲಿಯುವ ಮನಸ್ಸಿದ್ದರೆ ತಾವೇ ಕಲಿಸುವುದಾಗಿ. ಬೇರೆಯವರಾಗಿದ್ದರೆ ಆ ಚಾಲಕನ ಕೆಲಸಕ್ಕೇ ಕುತ್ತು ಬರುತ್ತಿತ್ತೇನೋ. ಅಕಿಯೋ ಮಾತ್ರ ಶಿಷ್ಯನಾಗಿ ಪಕ್ಕದಲ್ಲಿ ಕುಳಿತರು.

2007ರಲ್ಲಿ ಗುರುಶಿಷ್ಯರಿಬ್ಬರೂ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ 24 ಗಂಟೆಗಳ ರೇಸಿಗೆ ಇಳಿದರು. ಹಳೆಯ ಆಲ್ಟೆಝಾ ಕಾರುಗಳೇ ಅವರ ಬಂಡವಾಳ. ಟೊಯೋಟಾ ಹೆಸರನ್ನು ತಂಡಕ್ಕೆ ಇಟ್ಟುಕೊಳ್ಳಲಿಲ್ಲ. ಅಕಿಯೋ ಕೂಡ ತಮ್ಮ ಹೆಸರು ಮರೆಮಾಚಿ 'ಮೊರಿಜೊ' ಆದರು. 2009ರಲ್ಲಿ ಅವರು ಕಂಪನಿಯ ಅಧ್ಯಕ್ಷರಾದರು. ಮರುವರ್ಷ ಜೂನ್ 23ರಂದು ಅದೇ ರೇಸ್ ಪಥದ ಸಮೀಪ, ಹೊಸ ಕಾರೊಂದನ್ನು ಪರೀಕ್ಷಿಸುತ್ತಿದ್ದ ನರುಸೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಗುರು ಹೋದರು, ಪಾಠ ಉಳಿಯಿತು. ಅಕಿಯೋ ಅವರಿಗೆ ಒಂದು ಕೊರಗಿತ್ತು. ಟೊಯೋಟಾ 1999ರ ಕೊನೆಗೆ ವಿಶ್ವ ರ‍್ಯಾಲಿ ಸ್ಪರ್ಧೆಯಿಂದ ಹಿಂದೆ ಸರಿದಿತ್ತು. ನಂತರ ಬಂದ ಸ್ಪೋರ್ಟ್ಸ್ ಕಾರುಗಳಲ್ಲಿ '86' ಸುಬಾರು ಜೊತೆ ಸೇರಿ ಮಾಡಿದ್ದು, 'ಸುಪ್ರಾ' ಬಿಎಂಡಬ್ಲ್ಯು ಜೊತೆ ಸೇರಿ ಮಾಡಿದ್ದು. ಸ್ವಂತ ಕೈಯಿಂದ ಮಾಡುವ ವಿದ್ಯೆಯೇ ಮರೆತುಹೋದರೆ? 2017ರಲ್ಲಿ ಕಂಪನಿ ಮತ್ತೆ ರ‍್ಯಾಲಿಗೆ ಮರಳಿತು. ತಂಡದ ಹೊಣೆ ಹೊತ್ತವರು ನಾಲ್ಕು ಬಾರಿಯ ವಿಶ್ವ ಚಾಂಪಿಯನ್, ಫಿನ್ಲೆಂಡಿನ ಟಾಮಿ ಮ್ಯಾಕಿನೆನ್. ಆ ಅನುಭವದಿಂದ ಮೊಳೆತದ್ದೇ 'ಜಿಆರ್ ಯಾರಿಸ್' ಎಂಬ ಪುಟ್ಟ ಹ್ಯಾಚ್‌ಬ್ಯಾಕ್.

ಸಾಮಾನ್ಯವಾಗಿ ಮನೆಬಳಕೆಯ ಕಾರನ್ನು ತಿದ್ದಿ ರ‍್ಯಾಲಿಗೆ ಸಜ್ಜುಗೊಳಿಸುತ್ತಾರೆ. ಇಲ್ಲಿ ಲೆಕ್ಕ ತಿರುವುಮುರುವು. ಗೆಲ್ಲಬಲ್ಲ ರ‍್ಯಾಲಿ ಕಾರು ಹೇಗಿರಬೇಕೆಂದು ಮೊದಲು ಯೋಚಿಸಿ, ಅದಕ್ಕೆ ತಕ್ಕಂತೆ ರಸ್ತೆಯ ಕಾರನ್ನು ರೂಪಿಸಿದರು. ಗಾಳಿ ಹಿಂಬದಿಯ ರೆಕ್ಕೆಗೆ ಸರಾಗವಾಗಿ ತಲುಪಲೆಂದು ಚಾವಣಿಯನ್ನು ಹಿಂದಕ್ಕೆ ತಗ್ಗಿಸಿದರು. ಭಾರ ಇಳಿಸಲು ಚಾವಣಿಗೆ ಕಾರ್ಬನ್ ಫೈಬರ್, ಬಾಗಿಲುಗಳಿಗೆ ಅಲ್ಯೂಮಿನಿಯಂ. ಎಂಜಿನ್ನಿಗೆ ಮೂರೇ ಸಿಲಿಂಡರು, 1.6 ಲೀಟರು, ಆದರೆ ಟರ್ಬೊ ನೆರವಿನಿಂದ 272 ಅಶ್ವಶಕ್ತಿ. ಸಾಮಾನ್ಯ ಸಣ್ಣ ಕಾರಿನಲ್ಲಿ ಎಂಜಿನ್ನಿನ ಬಲವೆಲ್ಲ ಮುಂದಿನ ಎರಡು ಚಕ್ರಗಳಿಗೆ ಹೋಗುತ್ತದೆ. ಇದರಲ್ಲಿ ನಾಲ್ಕಕ್ಕೂ ಹಂಚಿಕೆ. ಹಿಮದಲ್ಲಿ, ಜಲ್ಲಿಯಲ್ಲಿ ಒಂದು ಚಕ್ರ ಜಾರಿದರೂ ಉಳಿದವು ನೆಲ ಬಿಡುವುದಿಲ್ಲ.

ಪರೀಕ್ಷೆಯ ಕ್ರಮವೂ ನರುಸೆ ಅವರದೇ: ಓಡಿಸು, ಮುರಿ, ಸರಿಪಡಿಸು, ಮತ್ತೆ ಓಡಿಸು. ರೇಸ್ ಚಾಲಕರು ಓಡಿಸಿ ಮುಖಕ್ಕೆ ಹೊಡೆದಂತೆ ದೋಷ ಹೇಳಿದರು. ಅಧ್ಯಕ್ಷರೂ 'ಮೊರಿಜೊ' ಆಗಿ ಸ್ಟಿಯರಿಂಗ್ ಹಿಡಿದರು. ಮುರಿದ ಭಾಗವನ್ನು ಅಡಗಿಸಿಡುವಂತಿರಲಿಲ್ಲ, ಕಲಿಯಬೇಕಾದದ್ದು ಅದರಿಂದಲೇ.

2020ರ ಜನವರಿಯಲ್ಲಿ ಕಾರು ಟೋಕಿಯೊ ಸಮೀಪ ಅನಾವರಣಗೊಂಡಿತು. ಅಷ್ಟರಲ್ಲಿ ಕೋವಿಡ್ ಬಂತು. ಇದನ್ನು ಆಧರಿಸಿ 2021ಕ್ಕೆ ಸಿದ್ಧವಾಗುತ್ತಿದ್ದ ರ‍್ಯಾಲಿ ಕಾರನ್ನು ಕೈಬಿಡಬೇಕಾಯಿತು. ಯಾವ ಸ್ಪರ್ಧೆಗಾಗಿ ಹುಟ್ಟಿತೋ ಆ ಸ್ಪರ್ಧೆಯೇ ಕೈತಪ್ಪಿತು. ವರ್ಷವಿಡೀ ಓದಿದ ಹುಡುಗನಿಗೆ ಪರೀಕ್ಷೆಯೇ ರದ್ದಾದಂತೆ! ಆದರೂ ಕಂಪನಿ ರಸ್ತೆಯ ಕಾರನ್ನು ಮಾರುಕಟ್ಟೆಗೆ ತಂದಿತು, ಜನ ಒಪ್ಪಿದರು. 2022ರಲ್ಲಿ ಹೊಸ ನಿಯಮಗಳು ಬಂದು ಒಳಗಿನ ಚೌಕಟ್ಟು ಬೇರೆಯೇ ಆಗಿದ್ದರೂ, ಅದೇ ಹೆಸರು ಹೊತ್ತ ರ‍್ಯಾಲಿ ಕಾರಿನಲ್ಲಿ ಫಿನ್ಲೆಂಡಿನ ಕಲ್ಲೆ ರೋವನ್‌ಪೆರಾ ವಿಶ್ವ ಚಾಂಪಿಯನ್ ಆದ. ಅವನಿಗೆ 22 ತುಂಬಿ ಒಂದೇ ದಿನವಾಗಿತ್ತು! ರಸ್ತೆಯ ಕಾರನ್ನು ತಿದ್ದುವ ಕೆಲಸವೂ ನಿಲ್ಲಲಿಲ್ಲ. 2024ರಲ್ಲಿ ಬಂದ ಹೊಸ ರೂಪದಲ್ಲಿ ಶಕ್ತಿ 304ಕ್ಕೆ ಏರಿತ್ತು.

ಆಳಾಗಿ ದುಡಿ, ಅರಸಾಗಿ ಉಣ್ಣು ಎಂದು ಹಿರಿಯರು ಹೇಳುತ್ತಾರೆ. ಅಕಿಯೋ ಅರಸಾದ ಮೇಲೂ ಆಳಿನ ಪಾಠ ಬಿಡಲಿಲ್ಲ. ಮಕ್ಕಳಿಗೆ ಆಸ್ತಿ ಮಾಡಿಡುವ ತಂದೆತಾಯಂದಿರು ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ನಮ್ಮ ಮಗುವಿನ ತಪ್ಪನ್ನು ಅದರ ಮುಖಕ್ಕೇ ಹೇಳುವ ಒಬ್ಬ ನರುಸೆ ಇದ್ದಾರೆಯೇ? ಇದ್ದರೆ, ನಾವು ಅವರನ್ನು ಹೇಳಲು ಬಿಡುತ್ತೇವೆಯೇ?