ನಾಯಿಮರಿಯೂ ನಮ್ಮ ಮೇಷ್ಟರಿಕೆಯೂ

ಮೂವತ್ತೈದು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತ ಕನ್ನಡಗಳನ್ನು ಬೋಧಿಸಿ ನಿವೃತ್ತರಾದವರಿಗೆ, ಎದುರಿಗೆ ಕುಳಿತು ಕೇಳುವವರಿಲ್ಲದ ದುಃಖವು ಎಂತಹುದೆಂಬುದನ್ನು ಅದನ್ನು ಅನುಭವಿಸಿದವರೇ ಬಲ್ಲರು. ಗೋಡೆಗಳಿಗೆ ಪಾಠ ಹೇಳುವುದು ಸಾಧ್ಯವಿಲ್ಲ. ಗೃಹಿಣಿಗೆ ಹೇಳುವುದು ಕ್ಷೇಮವಲ್ಲ. ನಾವು ಇಂತಹ ಅವಸ್ಥೆಯಲ್ಲಿದ್ದಾಗ ನಮಗೆ ಒಬ್ಬ ಶಿಷ್ಯೆಯು ದೊರೆತಳು. ಅವಳಿಗೆ ನಾಲ್ಕು ಕಾಲು, ಒಂದು ಬಾಲ.

ಕಳೆದ ಚೈತ್ರಮಾಸದಲ್ಲಿ ನಮ್ಮ ಮೊಮ್ಮಗಳು ಸಂತೆಬೀದಿಯ ಮೋರಿಯ ಪಕ್ಕದಿಂದ ಅವಳನ್ನು ಲಂಗದಲ್ಲಿ ಸುತ್ತಿಕೊಂಡು ತಂದಳು. ಎರಡು ತಿಂಗಳ ಹೆಣ್ಣುಮರಿ. ಕಪ್ಪು ಬಣ್ಣ, ಎದೆಯ ಮೇಲೊಂದು ಬಿಳಿಯ ಬೊಟ್ಟು. ನಾಯಿಯು ಮನೆಯೊಳಕ್ಕೆ ಬರತಕ್ಕದ್ದಲ್ಲವೆಂದು ನಮ್ಮ ಗೃಹಿಣಿಯು ಹೊಸ್ತಿಲಿನಲ್ಲಿಯೇ ತಡೆದಳು. ನಾವು ಶಾಸ್ತ್ರವನ್ನು ಮುಂದೊಡ್ಡಿದೆವು.

“ನೋಡು, ಪಾಣಿನಿ ಮಹರ್ಷಿಗಳು ನಾಯಿ, ತರುಣ, ದೇವೇಂದ್ರ ಈ ಮೂವರನ್ನೂ ಒಂದೇ ಸೂತ್ರದಲ್ಲಿ ಕಟ್ಟಿದ್ದಾರೆ. ಅವರಿಗಿಲ್ಲದ ಮಡಿ ನಮಗೇಕೆ?”

“ಪಾಣಿನಿ ಮನೆಯ ನೆಲ ಒರೆಸೋಳು ನಾನಲ್ಲವಲ್ಲ!” ಎಂದಳು.

ಈ ಉತ್ತರಕ್ಕೆ ಪ್ರತ್ಯುತ್ತರವು ಯಾವ ಭಾಷ್ಯದಲ್ಲಿಯೂ ನಮಗೆ ಸಿಕ್ಕಲಿಲ್ಲ. ಕಡೆಗೆ, ಮರಿಯು ಜಗಲಿಯನ್ನೂ ನಡುಮನೆಯನ್ನೂ ದಾಟಕೂಡದು, ಅದರ ಶೌಚದ ಹೊಣೆಯೆಲ್ಲ ನಮ್ಮದು ಎಂಬ ಕರಾರಿನ ಮೇಲೆ ಪ್ರವೇಶವು ದೊರೆಯಿತು. ದೇವಲೋಕದ ನಾಯಿಯ ಹೆಸರನ್ನೇ ಅವಳಿಗೆ ಇಟ್ಟು ‘ಸರಮೆ’ ಎಂದು ಕರೆದೆವು. ಮನೆಯವರ ಬಾಯಿಯಲ್ಲಿ ಅದು ಎರಡೇ ದಿನಗಳಲ್ಲಿ ‘ಸರೂ’ ಆಯಿತು.

ಶಿಕ್ಷಣವು ಆರಂಭವಾಯಿತು. ಮರಿಗೆ ಚುಚ್ಚುಮದ್ದು ಹಾಕಿಸಲು ತಾಲ್ಲೂಕಿನ ಪಶುಚಿಕಿತ್ಸಾಲಯಕ್ಕೆ ಹೋದಾಗ ಅಲ್ಲಿಯ ವೈದ್ಯೆಯು ನಮಗೆ ಒಂದು ಸ್ಥೂಲಲೆಕ್ಕವನ್ನು ಹೇಳಿಕೊಟ್ಟಿದ್ದಳು: ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆಗಳು ಅದು ಹೆಚ್ಚೆಂದರೆ ತಡೆದುಕೊಳ್ಳಬಲ್ಲದು, ಎರಡು ತಿಂಗಳ ಮರಿಗೆ ಮೂರು ಗಂಟೆಯೇ ಮೇರೆ, ಎಚ್ಚರವಿದ್ದು ಆಡುತ್ತಿರುವಾಗ ಅಷ್ಟೂ ಇಲ್ಲ. ನಿದ್ರೆಯಿಂದ ಎದ್ದ ಕೂಡಲೆ, ಉಂಡ ಮೇಲೆ, ಆಡಿದ ಮೇಲೆ ಹೊರಕ್ಕೆ ಒಯ್ಯಬೇಕು. ದಿನವೂ ಒಂದೇ ಸ್ಥಳಕ್ಕೆ ಒಯ್ಯಬೇಕು. ಕೆಲಸವು ಮುಗಿದ ಆ ಕ್ಷಣದಲ್ಲಿಯೇ ಮೆಚ್ಚಬೇಕು. ನಾವು ವೇಳಾಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿದೆವು. ಹಿತ್ತಿಲ ಹಲಸಿನ ಮರದ ಬುಡವು ವಿದ್ಯಾಪೀಠವಾಯಿತು. ರಾತ್ರಿ ಎರಡು ಗಂಟೆಗೂ ಒಂದು ಪಾಠವಿರುತ್ತಿತ್ತು. ಜ್ಯೇಷ್ಠಮಾಸವು ಮುಗಿಯುವ ವೇಳೆಗೆ, ಅಂದರೆ ಮರಿಗೆ ನಾಲ್ಕು ತಿಂಗಳು ದಾಟಿದಾಗ, ಅವಳು ತಾನಾಗಿಯೇ ಹಿತ್ತಿಲ ಬಾಗಿಲನ್ನು ಕೆರೆದು ಅಪ್ಪಣೆ ಬೇಡುತ್ತಿದ್ದಳು. ನಮ್ಮ ಮೂವತ್ತೈದು ವರ್ಷಗಳ ಅಧ್ಯಾಪನದಲ್ಲಿ ಇಷ್ಟು ಶೀಘ್ರವಾಗಿ ತೇರ್ಗಡೆಯಾದ ವಿದ್ಯಾರ್ಥಿಯಿಲ್ಲವೆಂದು ನೆರೆಹೊರೆಯವರಲ್ಲೆಲ್ಲ ಹೇಳಿಕೊಂಡೆವು.

ಆಷಾಢವು ಬಂದಿತು. ನಮ್ಮ ಮಲೆನಾಡಿನ ಆಷಾಢದ ಮಳೆಯನ್ನು ಬಲ್ಲವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಒಂದು ಬೆಳಗ್ಗೆ ಕಂಬದ ಬುಡದಲ್ಲಿ ಒದ್ದೆ. ಮಧ್ಯಾಹ್ನ ಆರಾಮಕುರ್ಚಿಯ ಕೆಳಗೆ. ಸಂಜೆ ಅಡಿಗೆಮನೆಯ ಹೊಸ್ತಿಲಿನಲ್ಲಿ. ಮರುದಿನ ನಮ್ಮ ಸನ್ಮಾನದ ಶಾಲಿನ ಮೇಲೆಯೇ! ಹೊರಗಿನಿಂದ ಕರೆತಂದ ಐದು ನಿಮಿಷದೊಳಗೆ ಮತ್ತೆ ಕೂರುವಳು. ಮಳೆಗೆ ಅಂಜಿ ಹೀಗೆ ಮಾಡುತ್ತಾಳೆಂದು ಮೊದಲು ಊಹಿಸಿದೆವು. ಕೊಡೆ ಹಿಡಿದು ಮರದ ಬುಡದಲ್ಲಿ ನಿಂತುದೂ ವ್ಯರ್ಥವಾಯಿತು. ಆಗ ಇದು ಹಟವೆಂದು ತೀರ್ಮಾನಿಸಿದೆವು. ಕಲಿತುದನ್ನು ಮರೆಯುವವನು ಸೋಮಾರಿ, ಕಲಿತೂ ಮಾಡದವನು ಉದ್ಧಟ ಎಂಬುದು ನಮ್ಮ ತರಗತಿಯ ನ್ಯಾಯವಾಗಿದ್ದಿತು. ಸಂಜೆಯಾದ ಮೇಲೆ ನೀರಿನ ಬಟ್ಟಲನ್ನು ತೆಗೆದಿಡಿಸಿದೆವು. ಮೂರನೆಯ ದಿನ ವೃತ್ತಪತ್ರಿಕೆಯನ್ನು ಸುರುಳಿ ಸುತ್ತಿ ಅವಳ ಬೆನ್ನಿಗೆ ಎರಡು ಪೆಟ್ಟು ಕೊಟ್ಟೆವು. ಅವಳು ಕಿವಿಗಳನ್ನು ಮಡಿಸಿ ನೆಲಕ್ಕೆ ಅಂಟಿಕೊಂಡು, ನಮ್ಮ ಕಾಲಬುಡದಲ್ಲಿಯೇ ಮತ್ತಷ್ಟು ಹನಿಸಿದಳು. ನಾವು ಅದನ್ನು ಧಿಕ್ಕಾರವೆಂದೆಣಿಸಿ ಅವಳನ್ನು ಜಗಲಿಯ ಕಂಬಕ್ಕೆ ಕಟ್ಟಿಹಾಕಿದೆವು.

ನಿಜವನ್ನು ಕಂಡವಳು, ಮರಿಯನ್ನು ಹೊಸ್ತಿಲಿನಲ್ಲಿ ತಡೆದಿದ್ದ ನಮ್ಮ ಗೃಹಿಣಿಯೇ. ಮರುದಿನ ಬೆಳಗ್ಗೆ ಅವಳು ಮರಿಯ ಹಾಸಿಗೆಯಾಗಿದ್ದ ನಮ್ಮ ಹಳೆಯ ಬಿಳಿಯ ಪಂಚೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು.

“ಏನೂಂದ್ರೆ, ಇದು ಹಟ ಅಲ್ಲ. ಹತ್ತು ಸಲ ಕೂರ್ತದೆ, ಮುಕ್ಕಿ ಮುಕ್ಕಿ ಎರಡು ಹನಿ ಬರ್ತದೆ. ಆಮೇಲೆ ಅಲ್ಲೇ ನೆಕ್ಕಿಕೊಳ್ತಾ ಇರ್ತದೆ. ಇಲ್ಲಿ ನೋಡಿ.”

ಪಂಚೆಯ ಮೇಲೆ ತೆಳುಗೆಂಪಿನ ಕಲೆಗಳಿದ್ದವು. ನಮ್ಮ ಮನೆಯದು ಕೆಂಪು ಗಾರೆಯ ನೆಲ. ಆ ನೆಲದ ಮೇಲೆ ಮೂರು ದಿನಗಳಿಂದ ಬಿದ್ದ ರಕ್ತವು ನಮಗೆ ಕಾಣಿಸಿರಲಿಲ್ಲ.

ಆ ಹೊತ್ತಿಗೇ ಚಿಕಿತ್ಸಾಲಯಕ್ಕೆ ಹೋದೆವು. ವೈದ್ಯೆಯು ಮರಿಯ ಹೊಟ್ಟೆಯನ್ನು ಮೆಲ್ಲನೆ ಒತ್ತಿ ನೋಡಿ ಮೂತ್ರದ ಮಾದರಿಯನ್ನು ಕೇಳಿದಳು. ಶುಭ್ರವಾದ ಒಣಪಾತ್ರೆಯಲ್ಲಿ ಹಿಡಿಯಬೇಕು, ಕೂಡಲೆ ಪರೀಕ್ಷೆಗೆ ಕೊಡಬೇಕು, ತಡವಾಗುವುದಾದರೆ ತಂಪುಪೆಟ್ಟಿಗೆಯಲ್ಲಿಡಬೇಕು ಎಂಬುದು ವಿಧಿ. “ನಮ್ಮ ಮನೇ ಫ್ರಿಜ್ಜಿನಲ್ಲೇ?” ಎಂದು ಗೃಹಿಣಿಯು ಹೌಹಾರಿದುದರಿಂದ ಅಲ್ಲಿಯೇ ಹಿಡಿಯುವುದೆಂದು ನಿಶ್ಚಯವಾಯಿತು. ಚಿಕಿತ್ಸಾಲಯದ ಅಂಗಳದಲ್ಲಿ, ಜಿನುಗುವ ಮಳೆಯಲ್ಲಿ, ಅರವತ್ತು ವರ್ಷದ ಸಂಸ್ಕೃತ ಪಂಡಿತರು ನಾಯಿಮರಿಯ ಹಿಂದೆ ತಟ್ಟೆಯೊಂದನ್ನು ಹಿಡಿದು ಬಗ್ಗಿ ನಡೆದುದನ್ನು ದಾರಿಹೋಕರು ನಿಂತು ನೋಡಿದರು. ಅರ್ಧ ಗಂಟೆಗೆ ಒಂದು ಚಮಚದಷ್ಟು ಸಿಕ್ಕಿತು.

ಸೂಕ್ಷ್ಮದರ್ಶಕದಲ್ಲಿ ಕೀವುಕಣಗಳೂ ರಕ್ತಕಣಗಳೂ ಬ್ಯಾಕ್ಟೀರಿಯಗಳೂ ಕಂಡವು. ಮೂತ್ರಕೋಶದ ಸೋಂಕು! ಹೆಣ್ಣುಮರಿಗಳಲ್ಲಿ ಮೂತ್ರನಾಳವು ಗಿಡ್ಡವೂ ಅಗಲವೂ ಆಗಿರುವುದರಿಂದ, ಮಲದ್ವಾರದ ಕಡೆಯ ಬ್ಯಾಕ್ಟೀರಿಯಗಳು ಮೇಲಕ್ಕೇರುವುದು ಸುಲಭವೆಂದೂ, ಅವುಗಳಲ್ಲಿ ಈ.ಕೋಲೈ ಎಂಬುದು ಮುಖ್ಯವೆಂದೂ ವೈದ್ಯೆಯು ವಿವರಿಸಿದಳು. ಉರಿದು ಊದಿಕೊಂಡ ಕೋಶವು ಸ್ವಲ್ಪವೇ ತುಂಬಿದರೂ ತುಂಬಿದಂತೆ ತೋರುತ್ತದೆ. ಮರಿಯು ಬಾಗಿಲವರೆಗೆ ಹೋಗುವಷ್ಟೂ ತಡೆಯಲಾರದು. ಯಾವ ಬ್ಯಾಕ್ಟೀರಿಯ, ಅದಕ್ಕೆ ಯಾವ ಮದ್ದು ಎಂಬುದನ್ನು ಗೊತ್ತುಮಾಡಲು, ಹೊಟ್ಟೆಯ ಮೂಲಕ ಸೂಜಿಯಿಂದಲೇ ಶುದ್ಧವಾದ ಮೂತ್ರವನ್ನು ತೆಗೆದು ಬೆಳೆಸುವ ಪರೀಕ್ಷೆಗೆ ಕಳುಹಿಸಿದಳು. ಮರಿಯನ್ನು ತೂಕ ಮಾಡಿ ಅದಕ್ಕೆ ತಕ್ಕಂತೆ ಅಮಾಕ್ಸಿಸಿಲಿನ್ ಔಷಧವನ್ನು ಐದು ದಿನಗಳಿಗೆ ಬರೆದುಕೊಟ್ಟಳು.

ಬಳಿಕ ನಮ್ಮ ಕಡೆಗೆ ತಿರುಗಿದಳು.

“ಮೇಷ್ಟ್ರೇ, ನೀರು ಕಡಿಮೆ ಮಾಡಿದ್ದೀರಾ?”

“ಸಂಜೆಯ ಮೇಲೆ ಕೊಡುತ್ತಿರಲಿಲ್ಲ.”

“ಹಾಗೆ ಮಾಡಬಾರದು. ನೀರು ಯಾವಾಗಲೂ ಎದುರಿಗೇ ಇರಲಿ. ಹೊಡೆದಿದ್ದೀರಾ?”

ಮೂವತ್ತೈದು ವರ್ಷ ಇತರರನ್ನು ಪ್ರಶ್ನಿಸಿದ ನಾವು, ಮಗಳ ವಯಸ್ಸಿನವಳ ಮುಂದೆ ತಲೆ ತಗ್ಗಿಸಿ “ಹೌದು” ಎಂದೆವು. ಅವಳು ಗದರಲಿಲ್ಲ. ಹೆದರಿದ ಮರಿಯು ಮುದುರಿ ಮೂತ್ರ ಬಿಡುವುದು ಧಿಕ್ಕಾರವಲ್ಲ, ಶರಣಾಗತಿ ಎಂದಳು. ಹೊಡೆದರೆ ಅದು ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲವಂತೆ. ಶರಣಾಗತಿಯೆಂಬ ಮಾತನ್ನು ನಾವು ಎಷ್ಟೋ ಸಲ ತರಗತಿಯಲ್ಲಿ ವ್ಯಾಖ್ಯಾನಿಸಿದ್ದೇವೆ. ಅದು ಕಣ್ಣೆದುರಿಗೆ ಬಂದಾಗ ಗುರುತಿಸಲಿಲ್ಲ.

ಆ ರಾತ್ರಿ ಚರಕಸಂಹಿತೆಯನ್ನು ತೆಗೆದು ನೋಡಿದೆವು. ಮೂತ್ರಕೃಚ್ಛ್ರವು ಎಂಟು ಬಗೆಯೆಂದು ಅದರಲ್ಲಿ ಹೇಳಿದೆ. ಸೂತ್ರಸ್ಥಾನದ 7ನೆಯ ಅಧ್ಯಾಯವಂತೂ ದೇಹದ ಸಹಜವೇಗಗಳನ್ನು ತಡೆಯಬಾರದೆಂಬ ವಿಷಯದಿಂದಲೇ ಆರಂಭವಾಗುತ್ತದೆ. ಅಲ್ಲಿ ಎಣಿಸಿರುವ 13 ವೇಗಗಳಲ್ಲಿ ಮೊದಲನೆಯದು ಮೂತ್ರವೇಗ. ಈ ಅಧ್ಯಾಯವನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಓದಿದವರು, ಮಕ್ಕಳಿಗೂ ಹೇಳಿದವರು. ಗ್ರಂಥವನ್ನು ಮುಚ್ಚಿಟ್ಟ ಮೇಲೆ ನಮಗೆ ನಿದ್ರೆ ಬರಲಿಲ್ಲ. ಕಾರಣವು ನಾಯಿಮರಿಯೊಂದೇ ಆಗಿರಲಿಲ್ಲ.

ಅದು 1996ನೆಯ ಇಸವಿಯ ಮಾತು. ಎಂಟನೆಯ ತರಗತಿಯಲ್ಲಿ, ಗೋಡೆಯ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗನು ಕುಳಿತುಕೊಳ್ಳುತ್ತಿದ್ದನು. ಒಂದೇ ಪಾಠದ ಅವಧಿಯಲ್ಲಿ ಎರಡು ಸಲ ಕಿರುಬೆರಳನ್ನು ಎತ್ತುವನು. ಶಾಲೆಯ ಹಿಂದೆ ಸೀಬೆಯ ಮರವೊಂದಿದ್ದುದರಿಂದ ನಮಗೆ ಸಂಶಯವು ಬಂದಿತು. ಒಂದು ದಿನ ಅವನು ಮೂರನೆಯ ಬಾರಿ ಎದ್ದುನಿಂತಾಗ, “ಗಂಟೆ ಹೊಡೆಯುವವರೆಗೂ ಹಾಗೆಯೇ ನಿಂತಿರು” ಎಂದೆವು. ಅವನು ನಿಂತನು. ಸ್ವಲ್ಪ ಹೊತ್ತಿನಲ್ಲಿ ಅವನ ಚಡ್ಡಿಯು ಒದ್ದೆಯಾಯಿತು, ತರಗತಿಯು ನಕ್ಕಿತು. ನಾವು ನಗಲಿಲ್ಲ, ಆದರೆ ನಗುವವರನ್ನು ಸುಮ್ಮನಿರಿಸಲೂ ಇಲ್ಲ. ಹುಡುಗನು ಒಂದು ವಾರ ಬರಲಿಲ್ಲ. ಆಮೇಲೆ ಅವನ ತಂದೆಯು ಬಂದು, ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಮೇಷ್ಟ್ರೇ, ಹುಡುಗನಿಗೆ ಮೂತ್ರದ ಖಾಯಿಲೆಯಂತೆ. ಕೇಳಿದಾಗ ಬಿಟ್ಟುಬಿಡಿ ಸ್ವಾಮಿ” ಎಂದನು. “ಆಗಲಪ್ಪ” ಎಂದೆವು. ಅಂದಿನಿಂದ ಬಿಟ್ಟೆವು. ಆದರೆ ಹುಡುಗನಿಗೆ ಮಾತ್ರ ಒಂದು ಮಾತನ್ನೂ ಹೇಳಲಿಲ್ಲ. ಮೇಷ್ಟರು ಹುಡುಗನ ಮುಂದೆ ತಪ್ಪೊಪ್ಪಿಕೊಂಡರೆ ಶಿಸ್ತು ಉಳಿಯುವುದೇ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಮುಂದಿನ ವರ್ಷ ಅವನು ಬೇರೆ ಶಾಲೆಗೆ ಹೋದನು. ಈಗ ಎಲ್ಲಿರುವನೋ ತಿಳಿಯದು.

ಮಹಾಭಾರತದ ಆದಿಪರ್ವದಲ್ಲಿ ಒಂದು ಕಥೆಯುಂಟು. ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಹೊಡೆದರು. ಮರಿಯು ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲವೆಂದಿತು. ಸರಮೆಯು ಬಂದು, ತಪ್ಪು ಮಾಡದವನನ್ನು ಏಕೆ ಹೊಡೆದಿರೆಂದು ಕೇಳಿದಾಗ ಅವರಲ್ಲಿ ಯಾರೂ ಉತ್ತರ ಕೊಡಲಿಲ್ಲ. ಕಾಣದ ಕಡೆಯಿಂದ ನಿಮಗೆ ಭಯವು ಬರಲಿ ಎಂದು ಅವಳು ಶಪಿಸಿದಳು. ಅಷ್ಟು ದೊಡ್ಡ ಗ್ರಂಥದ ಬಾಗಿಲಿನಲ್ಲಿಯೇ ಒಂದು ನಾಯಿಮರಿಯ ಮೊಕದ್ದಮೆಯನ್ನು ಏಕೆ ಇಟ್ಟರೆಂದು ನಾವು ಹಿಂದೆ ಸೋಜಿಗಪಡುತ್ತಿದ್ದೆವು. ಈಗ ಸೋಜಿಗವಿಲ್ಲ. ಅದರ ತಾಯಿಯ ಹೆಸರನ್ನೇ ಮರಿಗೆ ಇಟ್ಟು, ಆ ತಮ್ಮಂದಿರ ಕೆಲಸವನ್ನೇ ನಾವೂ ಮಾಡಿದೆವು.

ಸರಮೆಯು ಎರಡನೆಯ ದಿನವೇ ಚೇತರಿಸಿಕೊಂಡಳು. ಲವಲವಿಕೆ ಬಂದಿತೆಂದು ಔಷಧವನ್ನು ನಿಲ್ಲಿಸದೆ ಐದು ದಿನವೂ ಕೊಟ್ಟೆವು. ಪರೀಕ್ಷೆಯ ಉತ್ತರವೂ ಬಂದು, ಕೊಟ್ಟ ಔಷಧವೇ ಸರಿಯೆಂದು ತಿಳಿಯಿತು. ಪಾಠವನ್ನು ಮಾತ್ರ ಮೊದಲಿನಿಂದ ಆರಂಭಿಸಬೇಕಾಯಿತು. ರೋಗವು ಹೋದರೂ ರೋಗಕಾಲದ ಅಭ್ಯಾಸವು ಸ್ವಲ್ಪ ದಿನ ಉಳಿಯುತ್ತದೆ. ಹಳೆಯ ವಾಸನೆಯಿದ್ದೆಡೆಗೇ ಮರಿಯು ಮತ್ತೆ ಹೋಗುವುದರಿಂದ, ಅಂತಹ ಜಾಗಗಳನ್ನು ಬಟ್ಟೆಯಿಂದ ಹೀರಿ, ಆ ವಾಸನೆಯನ್ನು ಒಡೆಯುವ ಕಿಣ್ವಗಳುಳ್ಳ ದ್ರವದಿಂದ ಒರೆಸಿದೆವು. ಅಮೋನಿಯದ ದ್ರವಗಳು ಕೂಡದು. ಮೂತ್ರದ ವಾಸನೆಯೂ ಅದೇ ಜಾತಿಯದು. ಮೂರು ವಾರಗಳಲ್ಲಿ ಅವಳು ಪುನಃ ಬಾಗಿಲನ್ನು ಕೆರೆಯತೊಡಗಿದಳು.

ಮರಿಗಳನ್ನು ಸಾಕುವ ಮನೆಯವರಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇವೆ. ಕಲಿತ ಮರಿಯು ಹಠಾತ್ತನೆ ತಪ್ಪಿದರೆ ಮೊದಲು ವೈದ್ಯರನ್ನು ಕಾಣಿರಿ. ಹುಟ್ಟಿದಂದಿನಿಂದಲೂ ಸದಾ ತೊಟ್ಟಿಕ್ಕುವ ಮರಿಗೆ ಮೂತ್ರವಾಹಿನಿಯು ತಪ್ಪು ಸ್ಥಳದಲ್ಲಿ ಕೂಡಿರಬಹುದು. ಅದು ಬೇರೆಯೇ ಚಿಕಿತ್ಸೆ. ಮುಕ್ಕಿದರೂ ಒಂದು ಹನಿಯೂ ಬಾರದಿದ್ದರೆ, ಅಥವಾ ವಾಂತಿಯೂ ಮಂಕೂ ಕೂಡಿದರೆ, ನಾಳೆಯವರೆಗೆ ಕಾಯಬಾರದು. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳನ್ನು ಎಂದಿಗೂ ಕೊಡಕೂಡದು; ಅವು ನಾಯಿಗೆ ವಿಷವಾಗಬಲ್ಲವು. ಇಲಿಜ್ವರವು ನಾಯಿಯ ಮೂತ್ರದಿಂದಲೂ ಮನುಷ್ಯರಿಗೆ ಹರಡಬಲ್ಲುದಾದುದರಿಂದ ಮರಿಗೆ ಅದರ ಲಸಿಕೆಯನ್ನೂ ಹಾಕಿಸಿ, ಶುಚಿ ಮಾಡುವಾಗ ಕೈಗವಸು ತೊಟ್ಟು, ಆಮೇಲೆ ಸಾಬೂನಿನಿಂದ ಕೈ ತೊಳೆದುಕೊಳ್ಳಬೇಕು.

ವೃತ್ತಪತ್ರಿಕೆಯು ಈಗ ನಮ್ಮ ಮನೆಯಲ್ಲಿ ಓದುವುದಕ್ಕೆ ಮಾತ್ರ ಉಪಯೋಗವಾಗುತ್ತಿದೆ. ಆದರೂ ನಾವು ಅದನ್ನು ಮಡಿಸಿದರೆ ಸರಮೆಯು ಇಂದಿಗೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಆದುದರಿಂದ ಬಿಡಿಸಿಯೇ ಇಡುತ್ತೇವೆ. ಕೆಲವು ರಾತ್ರಿ ಎರಡು ಗಂಟೆಗೆ ಅವಳು ಬಾಗಿಲನ್ನು ಕೆರೆಯುವುದುಂಟು. ನಿಜವಾದ ಅಗತ್ಯವೋ, ಬೆಳುದಿಂಗಳ ಆಸೆಯೋ ನಾವು ವಿಚಾರಿಸುವುದಿಲ್ಲ. ಅಗಳಿಯನ್ನು ತೆಗೆದು “ಹೋಗಿ ಬಾ” ಎನ್ನುತ್ತೇವೆ. ಇಷ್ಟು ಮಾತನ್ನು 1996ರಲ್ಲಿಯೇ ಹೇಳಬಹುದಾಗಿತ್ತು.